ಹಳ್ಳದ ದಂಡೆಯ ಹುಲ್ಲು

ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಾಗ ಹೈದರಾಬಾದಿನ ಕಾಚಿಗೂಡದಲ್ಲಿದ್ದ ಕಾಕಾ-ಕಾಕುವಿನ ಮನೆಯಲ್ಲಿ ಉಳಿದೆ. ಕಾಕಾ ಆಗಷ್ಟೇ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ, ಶಹರದ ಹೊರಗೆ ಒಂದು ದ್ರಾಕ್ಷಿ ತೋಟ ಕೊಂಡಿದ್ದರು. ತೋಟದ ಅಂಚಿನಲ್ಲಿ ಹಳ್ಳ. ಆ ಹಳ್ಳ ಹೋಗಿ ಸೇರುವುದು ಊರಿಗೆ ಕುಡಿಯುವ ನೀರು ಕೊಡುವ ಕೆರೆಯನ್ನು.

ಭಾನುವಾರ ನಾವು ಮೂವರೂ ಕೋಠಿಯಿಂದ ಬಸ್ಸು ಹಿಡಿದು ತೋಟಕ್ಕೆ ಹೋಗುತ್ತಿದ್ದೆವು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಅಲ್ಲಿಯ ಗುಡಿಸಲಲ್ಲಿದ್ದು ತೋಟ ನೋಡಿಕೊಳ್ಳುತ್ತಿದ್ದರು. ಪಾಲಮೂರಿನ ಕಡೆಯವರು, ತೆಲುಗಿನವರು. ಹುಡುಗಿ ಮಾತುಗಾತಿ. ಕಾಕುವಿನಿಂದ ಕನ್ನಡ ಕಲಿತು, ಕಾಕುವಿನ ಹಾಗೆಯೇ ಸೆರಗು ಸಿಕ್ಕಿಸಿಕೊಂಡು, ದ್ರಾಕ್ಷಿಯ ಚಪ್ಪರದ ಕೆಳಗೆ ಓಡಾಡುತ್ತಿದ್ದಳು. ಮೈಲುತುತ್ತ ಸಿಂಪಡಿಸಿದ ಎಲೆಗಳೆಲ್ಲ ನೀಲಿ. ಅವಳ ಕೈಯೂ ನೀಲಿ.

ಒಂದು ಮಳೆಗಾಲದಲ್ಲಿ ಕೆರೆಯ ನೀರು ಹಸಿರಾಗಿ ವಾಸನೆ ಬಂತು. ನೀರು ಎಲ್ಲಿಂದ ಕೆಟ್ಟು ಬರುತ್ತಿದೆ ನೋಡಿ ಎಂದು ಪ್ರಯೋಗಾಲಯದಿಂದ ನಮ್ಮನ್ನು ಹಳ್ಳದ ಮೇಲ್ಭಾಗಕ್ಕೆ ಕಳಿಸಿದರು. ಹಳ್ಳದುದ್ದಕ್ಕೂ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದೆ. ಎಲ್ಲಕ್ಕಿಂತ ಕೆಟ್ಟ ನೀರು ಸಿಕ್ಕಿದ್ದು ದ್ರಾಕ್ಷಿ ತೋಟಗಳ ಕೆಳಗೆ. ಗೊಬ್ಬರ, ಔಷಧಿ, ಕೊಚ್ಚಿಹೋದ ಮಣ್ಣು, ಎಲ್ಲ ಮಳೆಯ ಜೊತೆ ಹಳ್ಳಕ್ಕಿಳಿಯುತ್ತಿತ್ತು. ಕಾಕಾನ ತೋಟದಿಂದಲೂ.

ನಮ್ಮ ಹಿರಿಯ ಅಧಿಕಾರಿ ತೋಟದವರನ್ನೆಲ್ಲ ಒಂದು ಬೇವಿನ ಮರದ ಕೆಳಗೆ ಕೂಡಿಸಿ ವಿನಂತಿ ಮಾಡಿಕೊಂಡರು. ಹಳ್ಳದ ದಂಡೆಗೆ ಹತ್ತಿದ ಬಳ್ಳಿಯ ಸಾಲುಗಳನ್ನು ಕಿತ್ತು ಆ ಪಟ್ಟಿಯಲ್ಲಿ ಹುಲ್ಲು, ಗಿಡ ಬೆಳೆಯಲು ಬಿಡಿ. ಹರಿದುಬರುವ ಮಣ್ಣು, ಗೊಬ್ಬರವನ್ನು ಅದು ತಡೆಯುತ್ತದೆ. ಔಷಧಿಯ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯಬೇಡಿ ಎಂದರು. ಪಕ್ಕದ ತೋಟದ ಬೀದರಿನ ಯಜಮಾನರು ಕಾಕಾನ ಕಡೆ ತಿರುಗಿ ಕನ್ನಡದಲ್ಲೇ ರೇಗಿದರು.

"ಶಹರದ ಮಂದಿ ನೀರ್ ಕುಡಿಯಾಕ ನಾವು ಬಳ್ಳಿ ಕಿತ್ತು ಒಗೀಬೇಕೇನ್ರಿ? ನಿಮ್ಮ ಅಣ್ಣನ ಮಗಳು ಹೇಳಾಕತ್ತಾಳಂತ ನೀವು ಕೇಳ್ರಿ. ನಾವು ಕೇಳಂಗಿಲ್ಲ."

ಕಾಕಾ ಮನೆಗೆ ಬಂದ ಮೇಲೆ ನನ್ನ ಮೇಲೆ ಸಿಟ್ಟಾದರು. ಆ ಸಾಲುಗಳೇ ಚೆನ್ನಾಗಿ ಹಣ್ಣು ಬಿಡುತ್ತಿದ್ದವು. ಕಾಕು ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ನಮ್ಮ ನಳಕ್ಕ ಬರೂದು ಯಾವ ನೀರ್ರಿ? ಅದ ಕೆರಿದಲ್ಲೇನು? ನೀವು ಔಷಧ ಬಿಡ್ರಿ, ನಾ ಅದರಾಗ ಸಾರು ಮಾಡಿ ನಿಮಗ ಬಡಸ್ತೀನಿ."

ಕಾಕಾ ಎದ್ದು ಹೊರಗೆ ಹೋದರು. ಮುಂದಿನ ವಾರ ಅವರೇ ನಿಂತು ಬಳ್ಳಿ ಕಡಿಸಿದರು. ಆ ಪಟ್ಟಿಯಲ್ಲಿ ಲಾವಂಚ ನೆಟ್ಟರು, ಹೊಂಗೆ ಸಸಿ ಇಟ್ಟರು. ಹುಡುಗಿ ಅದನ್ನು ತನ್ನದೇ ಎನ್ನುವಂತೆ ನೋಡಿಕೊಂಡಳು. ಆಡುಗಳನ್ನು ಅದರೊಳಗೆ ಬಿಡುತ್ತಿರಲಿಲ್ಲ, ಸತ್ತ ಬುಡದ ಜಾಗದಲ್ಲಿ ಬೇರೆ ಬುಡ ನೆಡುತ್ತಿದ್ದಳು. ನಾನು ಬಾಟಲಿ ಹಿಡಿದು ಹಳ್ಳಕ್ಕೆ ಇಳಿದಾಗಲೆಲ್ಲ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು "ಏನಂತೈತಿ ಅಕ್ಕಾ ನೀರು?" ಎಂದು ಕೇಳುತ್ತಿದ್ದಳು.

ಎರಡನೆಯ ಮಳೆಗಾಲಕ್ಕೆ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಪಕ್ಕದ ತೋಟದಿಂದ ಇಳಿಯುವ ನೀರು ಚಹಾದ ಬಣ್ಣ. ನಮ್ಮ ಹುಲ್ಲಿನ ಮೂಲಕ ಸೋಸಿ ಬರುವುದು ಹೆಚ್ಚುಕಡಿಮೆ ತಿಳಿ. ಕಾಕಾ ಎರಡು ಗ್ಲಾಸಿನಲ್ಲಿ ಎರಡನ್ನೂ ಹಿಡಿದು, ಬೇಲಿ ದಾಟಿ ಬೀದರಿನ ಯಜಮಾನರಿಗೆ ತೋರಿಸಿ ಬಂದರು. ಆ ವರ್ಷದ ಕೊನೆಗೆ ಅವರೂ ದಂಡೆಯ ಒಂದು ಸಾಲು ಕಿತ್ತು ಹುಲ್ಲಿಗೆ ಬಿಟ್ಟರು. ನಮ್ಮ ಅಧಿಕಾರಿಗೆ ಅಷ್ಟೇ ದೊಡ್ಡ ಹಬ್ಬವಾಯಿತು.

ಆದರೆ ಅಷ್ಟರಲ್ಲಿ ಊರೇ ನಮ್ಮ ಕಡೆ ನಡೆದುಬರುತ್ತಿತ್ತು. ಮೊದಲು ಬೀದರಿನವರು ತೋಟ ಮಾರಿದರು. ಚಪ್ಪರದ ಕಲ್ಲುಕಂಬಗಳನ್ನು ಕಿತ್ತು ಲಾರಿಗೆ ಹೇರಿದರು, ಬುಲ್ಡೋಜರು ನೆಲ ಸಮ ಮಾಡಿತು, ಸುಣ್ಣದ ಗೆರೆ ಎಳೆದು ಪ್ಲಾಟು ಮಾಡಿದರು. ಮನೆಗಳು ಎದ್ದವು, ಮನೆಗೊಂದು ಬೋರು ಕೊರೆದರು. ಚರಂಡಿಯಿಲ್ಲ. ಪಾಯಿಖಾನೆಯ ಪೈಪುಗಳನ್ನೆಲ್ಲ ಹಳ್ಳದ ಕಡೆ ತಿರುಗಿಸಿದರು. ನಮ್ಮ ಬಾವಿ ಬೇಸಿಗೆಗೆ ಮೊದಲೇ ತಳ ಕಂಡಿತು. ಮಾರನೆಯ ವರ್ಷ ದ್ರಾಕ್ಷಿ ಗೊಂಚಲಿನಲ್ಲೇ ಸುಕ್ಕಿದವು. ಕಾಕಾ ಬಾವಿಯನ್ನು ಇನ್ನಷ್ಟು ತೋಡಿಸಿದರು, ಕಲ್ಲು ಸಿಕ್ಕಿತು, ನೀರು ಸಿಗಲಿಲ್ಲ. ಕೊನೆಗೆ ಅವರೂ ಮಾರಿದರು. ಹಳ್ಳದ ಹುಲ್ಲು ತೆಗೆಯಬೇಡಿ ಎಂದು ಕೊಂಡವನ ಕೈ ಹಿಡಿದು ಹೇಳಿದರು. ಅವನು "ಹಾಂ ಸಾಬ್, ಜರೂರ್" ಎಂದ. ಮನೆ ಕಟ್ಟುವಾಗ ಮೊದಲು ಹೋಗಿದ್ದು ಅದೇ.

ಗಂಡ ಹೆಂಡತಿ ಮಾತ್ರ ಅಲ್ಲೇ ಉಳಿದರು, ಪ್ಲಾಟಿನ ಕಾವಲಿಗೆ. ಹುಡುಗಿ ಬಸುರಿ ಎಂದು ತಿಳಿದು ಕಾಕು ಹಸಿರು ಬಳೆ ಕಳಿಸಿದ್ದರು.

ಒಂದು ಮಧ್ಯಾಹ್ನ ಅವಳ ಗಂಡ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಕಾಕುವಿನೊಂದಿಗೆ ತೆಲುಗಿನಲ್ಲಿ ಮಾತಾಡುತ್ತ ಅತ್ತುಬಿಟ್ಟ. ಹೆಂಡತಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದ. ಮೂವರೂ ಅವನ ಹಿಂದೆ ಓಡಿದೆವು.

ಅವಳ ಕಣ್ಣು ಅರಿಶಿನದ ಹಾಗಿತ್ತು. ನಮ್ಮನ್ನು ಗುರುತಿಸಲಿಲ್ಲ. ಕಾಕು ಅವಳ ಕಾಲು ತಿಕ್ಕುತ್ತ "ಕಾಮಣಿ ಆಗೈತಿ, ಕಡಿಮಿ ಆಗ್ತೈತಿ" ಎಂದು ಯಾರಿಗೋ ಹೇಳುವಂತೆ ಹೇಳುತ್ತಿದ್ದರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಬಸುರಿಯರಿಗೆ ಈ ಕಾಮಾಲೆ ಬಹಳ ಕೆಟ್ಟದ್ದು, ಇದು ಕೊಳಚೆ ಸೇರಿದ ನೀರಿನಿಂದ ಬರುತ್ತದೆ ಎಂದರು. ಎಲ್ಲಿಯ ನೀರು ಕುಡಿಯುತ್ತಿದ್ದಿರಿ ಎಂದು ಗಂಡನನ್ನು ಕೇಳಿದೆ. ಬಾವಿ ಬತ್ತಿದ ಮೇಲೆ ಹಳ್ಳದ ಮರಳಿನಲ್ಲಿ ವರತಿ ತೋಡಿಕೊಂಡಿದ್ದೆವು, ನೀರು ತಿಳಿಯಾಗಿಯೇ ಇತ್ತು ಎಂದ.

ಮರುದಿನ ಬೆಳಿಗ್ಗೆ ಅವಳು ಹೋದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ನಾನು ಆ ವರತಿಗೆ ಹೋಗಿ ನೀರು ತಂದು ಪರೀಕ್ಷಿಸಿದೆ. ಯಾರೂ ಹೇಳಿರಲಿಲ್ಲ. ಅದು ಮನೆಗಳ ಕೊಳಚೆಯೇ, ಮರಳಿನಲ್ಲಿ ಸೋಸಿ ತಿಳಿಯಾಗಿ ಕಾಣುತ್ತಿತ್ತು, ಅಷ್ಟೇ. ವರದಿ ಬರೆದೆ. ನಮ್ಮ ಅಧಿಕಾರಿ ಅದನ್ನು ಹಿಡಿದು ಒಂದೊಂದೇ ಕಚೇರಿ ಅಲೆದರು. ಒಂದೆಡೆ ಹಳ್ಳ ನಮ್ಮದಲ್ಲ ಎಂದರು, ಇನ್ನೊಂದೆಡೆ ಮನೆಗಳು ನಮ್ಮವಲ್ಲ ಎಂದರು. ಕೊನೆಗೆ ವರತಿಯನ್ನು ಮುಚ್ಚಿಸಿದ್ದು ಕಾಕಾ, ತಾವೇ ಆಳು ಕರೆದುಕೊಂಡು ಹೋಗಿ.

ಅವಳ ಗಂಡ ಊರಿಗೆ ಹೊರಟ. ಕಾಕಾ ಅವನನ್ನು ಬಸ್ಸಿಗೆ ಹತ್ತಿಸಿ ಬಂದು, ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತರು.

"ಮಾರಬಾರದಿತ್ತು," ಎಂದರು.

"ಮಾರದ ಏನ್ ಮಾಡ್ತಿದ್ರಿ? ನೀರ ಇರಲಿಲ್ಲಲ್ರಿ," ಎಂದರು ಕಾಕು. ಸಮಾಧಾನಕ್ಕೆ ಹೇಳಿದ್ದಲ್ಲ. ಅವರ ದನಿಯಲ್ಲಿ ಸಿಟ್ಟಿತ್ತು.

ಕೆರೆಗೆ ನೀರು ಹರಿದುಬರುವ ನೆಲದಲ್ಲಿ ಕಂಡ ಹಾಗೆ ಮನೆ ಕಟ್ಟಬಾರದು ಎಂಬ ಸರ್ಕಾರದ ಆದೇಶ ಆಮೇಲೆ ಬಂತು. ನಮ್ಮ ಅಧಿಕಾರಿ ಅಷ್ಟೊತ್ತಿಗೆ ನಿವೃತ್ತರಾಗಿದ್ದರು. ಕಾಕಾ ಆ ಕಡೆಗೆ ಮತ್ತೆ ಹೋಗಲಿಲ್ಲ. ನಾನು ಹೋಗಲೇಬೇಕಿತ್ತು, ನನ್ನ ಕೆಲಸವೇ ಅದು. ಅಷ್ಟರಲ್ಲಿ ಹಳ್ಳದ ಎರಡೂ ಕಡೆ ಮನೆಗಳ ಗೋಡೆ ಎದ್ದಿತ್ತು. ಕೆಳಗಿಳಿಯಲು ದಾರಿಯಿರಲಿಲ್ಲ. ಸೇತುವೆಯ ಮೇಲಿಂದ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಬಿಟ್ಟು, ಮೂಗಿಗೆ ಸೆರಗು ಹಿಡಿದು ಮೇಲೆಳೆದುಕೊಳ್ಳುತ್ತಿದ್ದೆ.