ತೆಲುಗು ಅಕ್ಷರದಾಗೆ ನಮ್ಮಕ್ಕನ ಕಾದಂಬರಿ

ಹಿಂದೂಪುರದಾಗೆ ಒಂದು ಪುಸ್ತಕ ಅಚ್ಚಾಯ್ತು ಅಂದ್ರೆ ಮುಗೀತು, ನೀವು ಸಾಹಿತಿ. ಬಸ್ ಸ್ಟ್ಯಾಂಡಿನ ಟೀ ಅಂಗಡೀಲಿ ಕೂತ್ರೂ ಬಿಡಲ್ಲ, 'ಸಾರ್, ಕಾದಂಬರಿ ಬರೆಯೋದು ಹೆಂಗೆ?' ಅಂತಾರೆ. ಮೊದಲು ಯಾವ ಅಕ್ಷರದಾಗೆ ಬರೀತೀರಿ ಅನ್ನೋದು ನೋಡ್ಕೊಳ್ರಪ್ಪ ಅಂತೀನಿ. ನಗ್ತಾರೆ.

ನಾನು ನೋಡ್ಕೊಂಡಿರಲಿಲ್ಲ. ನಮ್ಮನೆ ಮಾತು ಕನ್ನಡ, ಓದಿದ್ದು ತೆಲುಗು ಸ್ಕೂಲು. ಕಲ್ಯಾಣದುರ್ಗದಲ್ಲಿರೋ ನಮ್ಮಕ್ಕನಿಗೆ ಕಾಗದ ಬರೆದ್ರೂ, ಮೆಸೇಜ್ ಕಳಿಸಿದ್ರೂ ಕನ್ನಡ ಮಾತು, ತೆಲುಗು ಅಕ್ಷರ. ನಮ್ಮ ಕಡೆ, ಈ ಆಂಧ್ರದ ಗಡಿಯಾಗೆ, ಬಹಳ ಜನ ಹಂಗೇ. ತಾಯಿ ಇಲ್ಲದ ನನ್ನನ್ನ ಸಾಕಿದೋಳು ಅಕ್ಕ. ಕಾದಂಬರೀನೂ ಅವಳದೇ ಕತೆ. ಅವಳೊಬ್ಬಳು ಓದಿದ್ರೆ ನನಗೆ ಸಾಕಾಗಿತ್ತು. ಕಾಗದ ಬರೆಯೋ ಅಭ್ಯಾಸದಾಗೇ ತೆಲುಗು ಅಕ್ಷರದಾಗೆ ಮುನ್ನೂರು ಪುಟ ಗೀಚಿಬಿಟ್ಟೆ.

ಬೆಂಗಳೂರಿನ ಪ್ರಕಾಶಕರು ಕಟ್ಟು ಬಿಚ್ಚಿ, 'ನಾವು ತೆಲುಗು ಪುಸ್ತಕ ಹಾಕಲ್ಲ' ಅಂದ್ರು. ಅನಂತಪುರದ ತೆಲುಗು ಪ್ರಕಾಶಕರು ಒಂದು ಪುಟ ಓದಿ, 'ಇದೇಂ ಭಾಷ ಸಾರ್?' ಅಂದ್ರು. ಅತ್ತ ದರಿ, ಇತ್ತ ಪುಲಿ. ಕೊನೆಗೆ ನಲವತ್ತೈದು ವಯಸ್ಸಿನಾಗೆ ಒಂದನೇ ಕ್ಲಾಸಿನ ಪುಸ್ತಕ ಇಟ್ಕೊಂಡು ಕನ್ನಡ ಅಕ್ಷರ ತಿದ್ದಿದೆ. 'ಸ್ಲೇಟು ತರ್ಲಾ?' ಅಂದ್ಲು ಹೆಂಡ್ತಿ. ಮುನ್ನೂರು ಪುಟಾನೂ ತಿರುಗಿ ಬರೆದೆ.

ಬೆಂಗಳೂರಿನ ಪ್ರಕಾಶಕರು ಒಪ್ಪಿದ್ರು. 'ಭಾಷೆ ಸ್ವಲ್ಪ ಶುದ್ಧ ಮಾಡ್ತೀವಿ' ಅಂದ್ರು. ಹೂಂ ಅಂದೆ. ಪುಸ್ತಕ ಆಯ್ತದೆ ಅನ್ನೋ ಹುಚ್ಚಿನಾಗೆ, ತಲೆ ಬೋಳಿಸ್ಕೊಂಡು ಬಾ ಅಂದಿದ್ರೂ ಹೂಂ ಅಂತಿದ್ದೆ.

ಬಂಡಲ್ ಬಂದ ದಿನವೇ ಒಂದು ಪ್ರತಿ ಹಿಡ್ಕೊಂಡು ಕಲ್ಯಾಣದುರ್ಗದ ಬಸ್ ಹತ್ತಿದೆ. ಅಕ್ಕ ಕೈ ತೊಳ್ಕೊಂಡು, ಸೆರಗಿಗೆ ಒರೆಸ್ಕೊಂಡು ಪುಸ್ತಕ ತಗೊಂಡ್ಲು. ಕಣ್ಣಿಗೆ ಹತ್ತಿರ ಹಿಡಿದ್ಲು, ದೂರ ಹಿಡಿದ್ಲು.

'ಈ ಅಕ್ಷರ ನನಗೆ ಬರಲ್ಲ ಕಣ್ಲಾ.'

ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಮುನ್ನೂರು ಪುಟ ತಿರುಗಿ ಬರೆಯೋವಾಗ ಇದೊಂದು ಹೊಳೀಲಿಲ್ಲ.

'ಹೋಗ್ಲಿ, ನೀನೇ ಓದು' ಅಂದ್ಲು. ಅವಳು ನನ್ನನ್ನ ಮೊದಲ ಸಲ ಸ್ಕೂಲಿಗೆ ಬಿಟ್ಟ ದಿನದ ಪುಟ ತೆಗೆದೆ. ಅವತ್ತು ಅವಳಂದಿದ್ದು, ನಾನು ಬರೆದಿದ್ದು, 'ಅಳಬ್ಯಾಡ ಕಣ್ಲಾ, ಸಾಯಂಕಾಲ ಬತ್ತೀನಿ' ಅಂತ. ಅಚ್ಚಾಗಿದ್ದು, 'ಅಳಬೇಡ ಸಹೋದರ, ಸಂಜೆ ಆಗಮಿಸುತ್ತೇನೆ.' ನಾಚಿಕೆಯಾಯ್ತು. ಆದ್ರೂ ಪೂರ್ತಿ ಓದಿದೆ.

ಅಕ್ಕ ತಲೆಯಾಡಿಸ್ತಾ ಕೇಳಿಸ್ಕೊಂಡ್ಲು.

'ಪಾಪ, ಒಳ್ಳೇ ಹೆಂಗಸು ಕಣ್ಲಾ,' ಅಂದ್ಲು. 'ಯಾರವಳು?'