ಹೊಗೆ ಕುಡಿದ ಸ್ಪೀಕರು

ಇವತ್ತು ಬೆಳಿಗ್ಗೆ ನನ್ನ ಹಳೆಯ ಸ್ಪೀಕರಿನ ಮುಂದಿನ ಜಾಲರಿ ಬಟ್ಟೆಯ ಮೇಲೆ ಒಣ ಅರಿವೆ ಆಡಿಸುತ್ತಿದ್ದಾಗ ಗಪ್ಪೆಂದು ಹೊಗೆಯ ವಾಸನೆ ಬಂತು. ಅದನ್ನು ಕೊಳೆ ಎಂದುಕೊಂಡರೆ ನಿಮ್ಮ ತಪ್ಪಲ್ಲ. ಮೊನ್ನೆ ಚಿಕ್ಕಮಗಳೂರಿನಿಂದ ಬಂದಿದ್ದ ತಿಳಿದವರೊಬ್ಬರೂ ಹಾಗೇ ಅಂದುಕೊಂಡರು. ನನಗೆ ಮಾತ್ರ ಆ ವಾಸನೆ ಬಂದಾಗಲೆಲ್ಲ ಹೂವಣ್ಣ ಜಗುಲಿಯಲ್ಲಿ ಬಂದು ಕೂತ ಹಾಗಾಗುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಹೂವಣ್ಣ ಗೋಣಿಬೀಡಿನ ಹತ್ತಿರದ ಸಣ್ಣ ಕಾಫಿ ತೋಟದವರು. ತೋಟಕ್ಕಿಂತ ಹಾರ್ಮೋನಿಯಂ ಮೇಲೆ ಅವರಿಗೆ ಗಮನ ಹೆಚ್ಚು. ಅವರು ಕಟ್ಟಿದ ವಾದ್ಯಗೋಷ್ಠಿಯಲ್ಲಿ ನಾನು ಹಾಡುಗಾರ್ತಿ. ಹಾಡುಗಾರ್ತಿ ಅಂದ ಕೂಡಲೇ ಕೋಗಿಲೆ ಗೀಗಿಲೆ ಎಂದು ಊಹಿಸಬೇಡಿ. ನನ್ನದು ತಗ್ಗಿನ, ದಪ್ಪ ದನಿ. ಫೋನ್ ಎತ್ತಿದರೆ ಇವತ್ತಿಗೂ ಆ ಕಡೆಯವರು ‘ಹೇಳಿ ಸಾರ್’ ಅನ್ನುತ್ತಾರೆ. ಆಗ ಗೋಷ್ಠಿಯಲ್ಲಿದ್ದ ತಗಡಿನ ಹಾರ್ನ್ ಸ್ಪೀಕರಿನಲ್ಲಂತೂ ಅದು ಡಬ್ಬದೊಳಗೆ ಕೂತು ಯಾರೋ ಕೆಮ್ಮಿದ ಹಾಗೆ ಕೇಳುತ್ತಿತ್ತು. ಮದುವೆ ಮನೆಯವರು ಹೂವಣ್ಣನನ್ನು ಪಕ್ಕಕ್ಕೆ ಕರೆದು, ಮುಂದಿನ ಸಲ ಬೇರೆ ಹುಡುಗಿಯನ್ನು ಕರೆತನ್ನಿ ಎಂದದ್ದುಂಟು. ಹುಡುಗಿಯನ್ನಲ್ಲ, ಹಾರ್ನನ್ನು ಬದಲಾಯಿಸುತ್ತೇನೆ ಎಂದು ಅವರು ಹಠಕ್ಕೆ ಬಿದ್ದರು.

ಕುದುರೆಮುಖದಲ್ಲಿ ಗಣಿ ನಿಂತು ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲ ಅದು. ಲಾರಿಗೆ ಹಿಡಿಯದ ಸಾಮಾನನ್ನು ಜನ ಅಲ್ಲೇ ಮಾರಿ ಹೋಗುತ್ತಿದ್ದರು. ಸಂಗೀತದ ಹುಚ್ಚಿದ್ದ ಇಂಜಿನಿಯರೊಬ್ಬರು ಎರಡು ದೊಡ್ಡ ಮರದ ಸ್ಪೀಕರು ಕೊಡುತ್ತಾರಂತೆ ಎಂಬ ಸುದ್ದಿ ಕಳಸದಲ್ಲಿ ಕಿವಿಗೆ ಬಿದ್ದದ್ದೇ, ಹೂವಣ್ಣ ಜೀಪು ತೆಗೆದರು. ಹಿಂದೆ ಆಂಪ್ಲಿಫೈಯರು, ಮೈಕು, ಮುಂದೆ ನಾನು. ಆ ತಿರುವುಗಳಲ್ಲಿ ವಾಂತಿ ತಡೆಯುವುದೇ ನನ್ನ ಕೆಲಸವಾಗಿತ್ತು. ನನ್ನನ್ನು ಯಾಕೆ ಹೊತ್ತೊಯ್ಯುತ್ತಿದ್ದಾರೆ ಎಂದು ಕೇಳುವುದಕ್ಕೂ ಬಾಯಿ ತೆರೆಯುವ ಹಾಗಿರಲಿಲ್ಲ.

ಅಲ್ಲಿ ಹೂವಣ್ಣ ಮೊದಲು ಪೆಟ್ಟಿಗೆಯ ಹಿಂಬದಿಗೆ ಮೂಗಿಟ್ಟು ಸುಟ್ಟ ವಾಸನೆ ಇದೆಯೇ ನೋಡಿದರು. ಆಮೇಲೆ ಒಳಗಿನ ಕಾಗದದ ಬಟ್ಟಲನ್ನು ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಒತ್ತಿ, ಉಜ್ಜುವ ಸದ್ದಿಗಾಗಿ ಕಿವಿಗೊಟ್ಟರು. ಇಂಜಿನಿಯರು ತಮ್ಮ ಮೆಚ್ಚಿನ ಕ್ಯಾಸೆಟ್ ಹಾಕಲು ಹೋದಾಗ ತಡೆದರು.

“ಕ್ಯಾಸೆಟ್ಟಲ್ಲಿ ಹಾಡಿದವ್ರ ಗಂಟಲು ನಂಗೆ ಗೊತ್ತಿಲ್ಲ ಸಾರ್. ಇವಳದ್ದು ಗೊತ್ತು.”

ನನ್ನ ಕೈಗೆ ಮೈಕು ಕೊಟ್ಟು ಅಡುಗೆಮನೆಗೆ ಅಟ್ಟಿ, ದನಿ ಪೆಟ್ಟಿಗೆಯಿಂದ ಮಾತ್ರ ಕೇಳಲಿ ಎಂದು ಬಾಗಿಲು ಹಾಕಿಸಿದರು. ಪಾತ್ರೆಪಗಡವೆಲ್ಲ ಗೋಣಿಚೀಲ ಸೇರಿದ್ದ ಯಾರದೋ ಅಡುಗೆಮನೆಯಲ್ಲಿ, ಖಾಲಿ ಶೆಲ್ಫಿನ ಎದುರು ನಿಂತು ನಾನು ಹಾಡಿದೆ. ಹೊರಗೆ ಬಂದಾಗ ಹೂವಣ್ಣ ಕಣ್ಣು ಮುಚ್ಚಿ ಕೂತಿದ್ದರು. ಪೆಟ್ಟಿಗೆಯಲ್ಲಿ ನೀನೇ ಬಂದು ಎದುರಿಗೆ ಕೂತ ಹಾಗಾಯ್ತು ಮಾರಾಯ್ತಿ ಎಂದರು. ಬಾಳೆಗೊನೆಗೂ ಚೌಕಾಸಿ ಮಾಡುವ ಮನುಷ್ಯ ಅವತ್ತು ಕೇಳಿದಷ್ಟು ಕೊಟ್ಟು ಸುಮ್ಮನೆ ಹೊರಟರು. ಮುಂದಿನ ಮದುವೆಯಲ್ಲಿ ಆ ಪೆಟ್ಟಿಗೆಗಳಿಂದ ನನ್ನ ದನಿ ವಾಪಸು ಬಂದಾಗ, ಮೊದಲ ಸಲ ಅದನ್ನು ನಾನು ನಾಚಿಕೆಯಿಲ್ಲದೆ ಕೇಳಿದೆ.

ಈಗ ಹೊಗೆಯ ವಿಷಯ. ನಮ್ಮ ಕಡೆ ಆಷಾಢದಲ್ಲಿ ಚಪ್ಪಲಿಯಿಂದ ಹಿಡಿದು ದೇವರ ಪಟದವರೆಗೆ ಎಲ್ಲಕ್ಕೂ ಬೂಸಲು. ಕಂಬಳಿ, ಬಿದಿರು ಬುಟ್ಟಿ, ಮದ್ದಲೆ ಎಲ್ಲ ಒಲೆಯ ಮೇಲಿನ ಅಟ್ಟ ಹತ್ತುತ್ತವೆ. ಚರ್ಮದ ವಾದ್ಯಕ್ಕೆ ಆಗುವ ಜಾಗ ಕಾಗದದ ವಾದ್ಯಕ್ಕೆ ಯಾಕೆ ಆಗಬಾರದು ಎಂದು ಹೂವಣ್ಣ ಸ್ಪೀಕರುಗಳನ್ನೂ ಅಲ್ಲಿಗೇ ಏರಿಸಿದರು. ಮೊದಲ ವರ್ಷ ಒಲೆಗೆ ತೀರಾ ನೇರ ಇಟ್ಟು ಒಂದರ ವಾರ್ನಿಷ್ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಊರೆಲ್ಲ ನಕ್ಕಿತು. ಹೂವಣ್ಣ ಅದನ್ನು ಅಟ್ಟದ ಅಂಚಿಗೆ ಸರಿಸಿದರೇ ಹೊರತು ಕೆಳಗಿಳಿಸಲಿಲ್ಲ. ನಕ್ಕವರ ಸ್ಪೀಕರುಗಳ ಕಾಗದ ಬೂಸಲು ತಿಂದು ಹಾಳಾಯಿತು, ನಮ್ಮದು ಉಳಿಯಿತು. ಮುಂದೆ ಹೂವಣ್ಣನ ಮನೆಗೆ ಗ್ಯಾಸ್ ಬಂದು ಒಲೆ ಆರಿದಾಗ, ಎರಡನ್ನೂ ತಂದು ಇನ್ನೂ ಸೌದೆ ಉರಿಯುವ ನಮ್ಮ ಮನೆಯಲ್ಲಿಳಿಸಿ, ಇನ್ನು ಇವು ನಿನ್ನವು ಎಂದರು. ಮರುವರ್ಷ ಅವರು ತೀರಿಕೊಂಡರು.

ಈಗ ಗೋಷ್ಠಿಯಲ್ಲಿರುವವರೆಲ್ಲ ಹೊಸಬರು. ಒಳ್ಳೆಯವರು, ನನ್ನನ್ನು ಅಕ್ಕ ಎನ್ನುತ್ತಾರೆ. ಈ ಮರದ ಪೆಟ್ಟಿಗೆ ಮಾರಿ, ಎಕೋ ಇರುವ ಹೊಸ ಸೆಟ್ ತರೋಣ ಎಂದು ಅವರ ಆಸೆ. ಎಕೋ ಹಾಕಿದರೆ ನನ್ನ ದನಿ ಇಪ್ಪತ್ತೈದರ ಹುಡುಗಿಯದ್ದಾಗುತ್ತದಂತೆ. ಪ್ರೀತಿಯಿಂದಲೇ ಹೇಳಿದರು, ಆದರೆ ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೈದರಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗಿಯನ್ನು ಈಗ ವಾಪಸು ತಂದು ಏನು ಮಾಡಲಿ? ಆದರೂ ಒಳಗೊಳಗೆ ಅಳುಕಿತ್ತು. ತಗ್ಗಿನ ಸ್ವರಗಳ ಹಾಡುಗಳನ್ನು ಇತ್ತೀಚೆಗೆ ನಾನೇ ಸದ್ದಿಲ್ಲದೆ ಬಿಟ್ಟು ಹಾಡುತ್ತಿದ್ದೆ. ಹಾಗಾಗಿ, ಬೆಲೆ ಕಟ್ಟುವವರು ಬಂದು ನೋಡಲಿ ಎಂದುಬಿಟ್ಟೆ.

ಮೊನ್ನೆ ಚಿಕ್ಕಮಗಳೂರಿನಿಂದ ಬಂದವರು ಹಳೇ ಸ್ಪೀಕರುಗಳನ್ನು ಕೊಂಡು ಮಾರುವವರು, ಮರ್ಯಾದಸ್ಥರು. ಟಾರ್ಚು ಹಾಕಿ ನೋಡಿದರು, ಫೋಟೋ ತೆಗೆದರು. ವಾರ್ನಿಷ್ ಗುಳ್ಳೆ ಕಂಡು ಬೆಲೆ ಇಳಿಸಿದರು. ಹೂವಣ್ಣ ತೆಳು ಮಲ್ಲು ಬಟ್ಟೆ ಅಂಟಿಸಿ ಸರಿಮಾಡಿದ್ದ ಕಾಗದದ ಬಟ್ಟಲಿನ ಅಂಚು ಕಂಡು ಇನ್ನಷ್ಟು ಇಳಿಸಿದರು. ಬೆರಳು ಮೂಸಿ, ಹೊಗೆ ಹಿಡಿದಿದೆ ಎಂದು ಮತ್ತೂ ಇಳಿಸಿದರು. ಹಾಡು ಕೇಳಿ ನೋಡುವುದಿಲ್ಲವೇ ಎಂದೆ. ಅವರು ತಮ್ಮ ಫೋನ್ ತೆಗೆದರು. ಆ ಗಂಟಲು ಪೆಟ್ಟಿಗೆಗೆ ಗೊತ್ತಿಲ್ಲ ಎಂದು ನಾನೇ ಮೈಕು ಹಿಡಿದು ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿ, ಕುದುರೆಮುಖದಲ್ಲಿ ಹಾಡಿದ್ದ ಹಾಡನ್ನೇ ಹಾಡಿದೆ. ಬಹಳ ದಿನ ಬಿಟ್ಟಿದ್ದ ಹಾಡು.

ಹೊರಗೆ ಬಂದಾಗ ಅವರು ಬೇಸರದಿಂದ ತಲೆಯಾಡಿಸುತ್ತಿದ್ದರು.

“ಚೆನ್ನಾಗಿದೆ ಮೇಡಂ. ಆದ್ರೆ ಕೆಳಗಿನ ಸ್ವರಕ್ಕೆ ಹೋದಾಗ ಒಂಥರಾ ಗರಗರ ಬರ್ತಿದೆ. ಒಳಗೆ ಕಾಗದ ಎಲ್ಲೋ ಉಜ್ತಾ ಇರ್ಬೇಕು. ಅದಕ್ಕೂ ಸ್ವಲ್ಪ ಕಳೀಬೇಕಾಗುತ್ತೆ.”

ನನ್ನ ಕಿವಿ ಬಿಸಿಯಾಯಿತು. ಹೌದೆಂದು ಸುಮ್ಮನಿದ್ದಿದ್ದರೆ ಪೆಟ್ಟಿಗೆಯ ಮೇಲೆ ತಪ್ಪು ಹಾಕಿ ನಾನು ಬಚಾವಾಗುತ್ತಿದ್ದೆ. ಮೈಕನ್ನು ಅವರಿಗೇ ಕೊಟ್ಟು, ನೀವು ಮಾತಾಡಿ ಎಂದೆ. ಅವರದ್ದೂ ನನ್ನ ಹಾಗೆ ತಗ್ಗಿನ ದನಿ. ಹಲೋ ಹಲೋ ಎಂದರು, ಊರು ಹೇಳಿದರು, ಇನ್ನೂ ತಗ್ಗಿಸಿ ಏನೋ ಗುನುಗಿದರು. ತೊಳೆದಿಟ್ಟ ಹಾಗೆ ಸ್ವಚ್ಛವಾಗಿ ಬಂತು. ಅವರು ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನನ್ನನ್ನು.

“ಆ ಗರಗರ ಪೆಟ್ಟಿಗೇದಲ್ಲ ಸಾರ್,” ಎಂದೆ. “ನಂದು.”

ಅವರು ಪಾಪ ಕೆಂಪಾಗಿ, ಹಾಗಾದರೆ ಕಳೆದದ್ದನ್ನೆಲ್ಲ ಸೇರಿಸಿ ಕೊಡುತ್ತೇನೆ ಎಂದರು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ನನ್ನ ದನಿ ಚೆನ್ನಾಗಿದ್ದಾಗ ಅದನ್ನು ಇದ್ದ ಹಾಗೆ ಹೇಳಿದ ಪೆಟ್ಟಿಗೆ ಅದು. ಒಡೆದಾಗಲೂ ಇದ್ದ ಹಾಗೇ ಹೇಳಿದೆ. ಅಷ್ಟು ನಿಯತ್ತಿನವರು ನಂಟರಲ್ಲೂ ನನಗೆ ಕಡಿಮೆ. ಕೊಡುವುದಿಲ್ಲ ಎಂದೆ. ಗೋಷ್ಠಿಯವರಿಗೂ ಹೇಳಿ ಕಳಿಸಿದ್ದೇನೆ: ಎಕೋ ಡಬ್ಬ ತರುವುದಾದರೆ ತನ್ನಿ, ಅದರಲ್ಲಿ ಹಾಡುವುದಕ್ಕೆ ಬೇರೆಯವರನ್ನೂ ತನ್ನಿ.

ಯಾರನ್ನೂ ತಂದಿಲ್ಲ. ಇವತ್ತು ಸಂಜೆ ಮೂಡಿಗೆರೆಯಲ್ಲಿ ಒಂದು ಆರತಕ್ಷತೆ ಇದೆ, ಪೆಟ್ಟಿಗೆ ಹೊರಲು ಇನ್ನೇನು ಅವರೇ ಜೀಪು ತರುತ್ತಾರೆ. ಒರೆಸುವುದು ಮುಗಿಯಿತು, ವಾಸನೆ ಹೋಗಿಲ್ಲ, ಹೋಗುವುದೂ ಬೇಡ. ಬಿಟ್ಟಿದ್ದ ಆ ಹಾಡಿನಿಂದಲೇ ಇವತ್ತು ಶುರು ಮಾಡುತ್ತೇನೆ, ಅದರ ಅತಿ ತಗ್ಗಿನ ಸ್ವರದಿಂದ. ಹಿಂದಿನ ಸಾಲಿನವರಿಗೂ ಕೇಳಲಿ.