ಅಕ್ಕನ ಅಳುವಿನ ಮೇಲೆ ನನ್ನ ಹಾಡು

ನಮ್ಮ ಚರ್ಚಿನಲ್ಲಿ ಹಾಡಿನ ಉಸ್ತುವಾರಿ ನನ್ನದು. ಗೋಕಾಕ ಫಾಲ್ಸಿನ ಮಿಲ್ಲನ್ನು ನಂಬಿ ಬಂದು ನೆಲೆಸಿದ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಹಾಡುವ ತಂಡ ಎಂದರೆ ನಾವು ಆರು ಹೆಂಗಸರು ಮತ್ತು ಒಂದು ಹಾರ್ಮೋನಿಯಂ. ನನ್ನ ಗಂಟಲಿಗೆ ಮೈಕು ಬೇಕಾಗಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮಲ್ಲಿ ಒಂದು ರೂಢಿಯಿತ್ತು. ಮಣ್ಣು ಕೊಡುವಾಗ ಯಾರಾದರೂ ಸತ್ತವರನ್ನು ಕರೆದು ಹಾಡಾಡಿಕೊಂಡು ಅಳಲು ಶುರು ಮಾಡಿದರೆ, ನಾವು ತಕ್ಷಣ ಪುನರುತ್ಥಾನದ ಹಾಡು ಎತ್ತುತ್ತಿದ್ದೆವು. ಸತ್ತವರು ಮತ್ತೆ ಏಳುತ್ತಾರೆಂದು ನಂಬಿದವರು ಹಾಗೆ ಬಾಯಿ ಬಿಟ್ಟು ಅಳಬಾರದು ಎಂದು ಹಿರಿಯರು ಹೇಳಿದ್ದರಂತೆ. ಯಾವ ಹಿರಿಯರು, ಯಾವಾಗ ಎಂದು ನಾನು ಕೇಳಿದವಳೇ ಅಲ್ಲ.

ಹೋದ ಮಳೆಗಾಲದಲ್ಲಿ ಅಕ್ಕನ ಗಂಡ ತೀರಿಕೊಂಡರು. ಎದೆನೋವು ಎಂದು ಕುಳಿತವರು ಏಳಲೇ ಇಲ್ಲ. ಪೆಟ್ಟಿಗೆ ಇಳಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ಅಕ್ಕ ಕುಸಿದು ಕುಳಿತು, "ನನ್ನ ದೊರಿಯೇ, ಅರ್ಧಾ ಚಾ ಹಂಗಽ ಬಿಟ್ಟ ಹೊಂಟೆಲ್ಲೋ" ಎಂದು ರಾಗ ತೆಗೆದಳು. ನಾನು ಹಾಡು ಎತ್ತಿದೆ. ಒಡಹುಟ್ಟಿದವಳು ಎಂದೂ ನೋಡಲಿಲ್ಲ. ಅವಳು ಇನ್ನೊಂದು ಸಾಲು ಹೇಳಲು ಹೋದಳು, ನಮ್ಮ ಆರು ಗಂಟಲುಗಳ ಎದುರು ಆಗಲಿಲ್ಲ, ಸುಮ್ಮನಾದಳು. "ಭಾಳ ಗಟ್ಟಿ ಹೆಣ್ಣಮಗಳು" ಎಂದು ಜನ ಹೊಗಳಿದರು.

ಗಟ್ಟಿ ಏನು ಬಂತು, ಮಣ್ಣು! ಅವತ್ತಿನಿಂದ ಅಕ್ಕ ಅಳಲೂ ಇಲ್ಲ, ನಗಲೂ ಇಲ್ಲ. ರೊಟ್ಟಿ ಬಡಿಯುತ್ತಿದ್ದಳು, ತಿನ್ನುತ್ತಿರಲಿಲ್ಲ. ಚರ್ಚಿನ ಪೂಜೆಗೆ ಬಂದು ಕೂರುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ನಾನು ಏನು ಮಾತಾಡಿಸಿದರೂ "ಹೂಂ", ಅಷ್ಟೇ. ಜಂಪರು ಭುಜದಿಂದ ಜಾರುವಷ್ಟು ಇಳಿದುಹೋದಳು. ಇವಳೂ ಗಂಡನ ಹಿಂದೆಯೇ ಹೋಗುತ್ತಾಳೆ ಎಂದು ನನಗೆ ಹೆದರಿಕೆ ಹತ್ತಿತು.

ಅವಳ ಪಕ್ಕದ ಮನೆಯ ಲಿಂಗಾಯತ ಅಜ್ಜಿ ಒಂದು ದಿನ ನನ್ನನ್ನು ಓಣಿಯಲ್ಲೇ ತಡೆದಳು.

"ನಾವು ಸತ್ತವರ ಮನೀಗೆ ಅಳಾಕ ಹೋಗ್ತೀವಿ. ನೀವು ಹಾಡಾಕ ಹೋಗ್ತೀರಿ. ನಿಮ್ಮ ಅಕ್ಕನ ಬಾಯಿ ಮುಚ್ಚಿಸಿದಾಕಿ ನೀನಽ ನೋಡು."

"ನಮ್ಮ ಧರ್ಮದಾಗಿಂದು ನಿಮಗೇನ ತಿಳೀತೈತ್ರಿ ಆಯಿ?" ಎಂದು ಸಿಡುಕಿದೆ. ಮೈ ಉರಿಯುತ್ತಿತ್ತು. ಅದೇ ಉರಿಯಲ್ಲಿ ಫಾದರ್ ಹತ್ತಿರ ಹೋಗಿ ಅಜ್ಜಿಯ ಮೇಲೆ ದೂರು ಹೇಳಿದೆ. ಅವರು ನನ್ನ ಪರ ಮಾತಾಡಲಿಲ್ಲ.

"ಸತ್ತ ಗೆಳೆಯನ ಗೋರಿ ಮುಂದ ಯೇಸುಸ್ವಾಮಿ ಅತ್ತರು. ಇನ್ನೊಂದು ಗಳಿಗಿಗೆ ಅವನ್ನ ಜೀವಾ ಕೊಟ್ಟ ಎಬ್ಬಸ್ತೀನಿ ಅಂತ ಗೊತ್ತಿದ್ದೂ ಅತ್ತರು. ಅವತ್ತ ನೀವು ಅಲ್ಲಿದ್ದಿದ್ರ ಏನ್ ಮಾಡ್ತಿದ್ರಿ? ಹಾಡು ಎತ್ತತಿದ್ರೇನು?"

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ನವೆಂಬರ್ ಎರಡು ಸತ್ತವರ ಸ್ಮರಣೆಯ ದಿನ. ಸಮಾಧಿಗಳನ್ನು ತೊಳೆದು, ಚೆಂಡು ಹೂ ಇಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಫಾದರ್ ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾರೆ, ನಾವು ಹಾಡುತ್ತ ಹಿಂದೆ ಹೋಗುತ್ತೇವೆ. ಕರೆಯಲು ಹೋದರೆ ಅಕ್ಕ ಬರುವುದಿಲ್ಲವೆಂದು ತಲೆಯಾಡಿಸಿದಳು.

"ಅಕ್ಕಾ, ಮಾಮಾನ ಸಮಾಧಿ ಹತ್ರ ಇವತ್ತ ನಾ ಹಾಡೂದಿಲ್ಲ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಹೊದ್ದು ಹೊರಟಳು. ಅಜ್ಜಿಯೂ ಕೋಲು ಹಿಡಿದು ಬೆನ್ನು ಹತ್ತಿದಳು.

ಮಾಮಾನ ಸಮಾಧಿ ಬಂದಾಗ ನಾನು ಹಾಡು ನಿಲ್ಲಿಸಿದೆ. ತಂಡದ ಐವರೂ ಗಾಬರಿಯಿಂದ ನನ್ನನ್ನು ನೋಡಿದರು. ಫಾದರ್ ತೀರ್ಥ ಚಿಮುಕಿಸಿ ಪಕ್ಕಕ್ಕೆ ಸರಿದು ನಿಂತರು. ಅಕ್ಕ ಒಣ ಕಣ್ಣಲ್ಲಿ ನಿಂತೇ ಇದ್ದಳು. ನನಗೆ ತಡೆಯಲಾಗಲಿಲ್ಲ. ಮೊಣಕಾಲೂರಿ ನಾನೇ ಶುರು ಮಾಡಿದೆ: "ಅಯ್ಯೋ ಮಾಮಾ, ನಮ್ಮನ್ನ ಬಿಟ್ಟ ಎಲ್ಲಿ ಹ್ವಾದ್ಯೋ..." ಇಷ್ಟು ವರ್ಷ ಹಾಡಿದ ಗಂಟಲು ನೋಡಿ, ಅಳುವೂ ಭಜನೆಯ ರಾಗಕ್ಕೇ ತಿರುಗಿಬಿಟ್ಟಿತು.

"ಏ ಹುಚ್ಚಿ, ಹಂಗಲ್ಲ ಅದು!" ಎಂದಳು ಅಕ್ಕ.

ನನ್ನನ್ನು ಸರಿಸಿ ಕುಳಿತು, ಕಲ್ಲಿನ ಮೇಲೆ ಅಂಗೈ ಬಡಿದು ತಾನೇ ರಾಗ ತೆಗೆದಳು. ಹೊಸ ಚಪ್ಪಲಿ ಒಂದು ದಿನವೂ ಮೆಟ್ಟದೆ ಹೋದದ್ದು, ಜಗಳಾಡಲು ಮನೆಯಲ್ಲಿ ಯಾರೂ ಇಲ್ಲದಂತೆ ಮಾಡಿದ್ದು, ಎಲ್ಲವನ್ನೂ ಎತ್ತಿ ಗಂಡನನ್ನು ಬೈದು ಬೈದು ಅತ್ತಳು. ಅಜ್ಜಿ ಪಕ್ಕದಲ್ಲಿ ಕುಳಿತು "ಹೌದವ್ವಾ, ಹೌದು" ಎಂದಳು. ಬೇರೆ ಸಮಾಧಿಗಳ ಹತ್ತಿರವಿದ್ದ ಹೆಂಗಸರೂ ಬಂದು ಕುಳಿತು ತಮ್ಮ ತಮ್ಮವರನ್ನು ಕರೆದು ಅತ್ತರು. ಎಷ್ಟು ವರ್ಷದ ಅಳುವನ್ನು ನಾನು ಹಾಡಿ ಮುಚ್ಚಿದ್ದೆನೋ, ದೇವರೇ ಬಲ್ಲ.

ಕೊನೆಗೆ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇನ್ನ ಹಾಡು. ಅವರು ಏಳ್ತಾರ ಅನ್ನೂದು ನನಗೂ ಗೊತ್ತೈತಿ. ಅಲ್ಲೀ ತನಕಾ ಅಳಬ್ಯಾಡ ಅಂದ್ರ ಹೆಂಗ?"

ನಾನಿನ್ನೂ ಅಳುತ್ತಲೇ ಇದ್ದೆ. ಹಾಡು ಎತ್ತಿದವಳು ಅಕ್ಕನೇ.